ಧೂಳೂ ಏಳಬಾರದು, ಕಲ್ಲೂ ಆಗಬಾರದು

ಮಣ್ಣಿನ ಟ್ರ್ಯಾಕಿನಲ್ಲಿ ಎರಡು ಬೈಕುಗಳು ಒಂದರ ಹಿಂದೊಂದು ಓಡುವಾಗ ಹಿಂದಿನ ಸವಾರನಿಗೆ ಕಾಣುವುದು ಮುಂದಿನ ಬೈಕಲ್ಲ, ಬರೀ ಕೆಂಪು ಮೋಡ. ಆ ಮೋಡದೊಳಗೆ ಮುಂದಿನವನು ಬಿದ್ದಿದ್ದರೆ? ಡರ್ಟ್ ಬೈಕ್ ಓಟದಲ್ಲಿ ಧೂಳೆಂದರೆ ಕೇವಲ ಬಟ್ಟೆ ಕೊಳೆಯಾಗುವ ಸಂಗತಿಯಲ್ಲ. ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುವ ಮಕ್ಕಳ ಎದೆಗೆ ಇಳಿಯುವುದೂ ಅದೇ ಧೂಳು. ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತ, ಅಂದರೆ 10 ಮೈಕ್ರಾನಿಗಿಂತ, ಸಣ್ಣ ಕಣಗಳನ್ನು ಮೂಗಿನ ಕೂದಲು ತಡೆಯಲಾರದು.

ಶಿವಮೊಗ್ಗದಲ್ಲೊಂದು ಹೊಸಮನೆ, ಭದ್ರಾವತಿಯಲ್ಲೊಂದು ಹೊಸಮನೆ. ಇಂಥ ಬಡಾವಣೆಗಳಲ್ಲಿ ಬೈಕಿನ ಹುಚ್ಚು ಹತ್ತಿದ ಹುಡುಗರಿಗೆ ಕೊರತೆಯಿಲ್ಲ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುಹಾದಿಗಳಲ್ಲಿ ರಾಷ್ಟ್ರೀಯ ಮಟ್ಟದ ರ‍್ಯಾಲಿಗಳು ನಡೆದಿವೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಆ ಕಠಿಣ ಓಟವನ್ನು ಬೈಕಿನಲ್ಲಿ ಪೂರೈಸಿದ ಮೊದಲ ಭಾರತೀಯರೆನಿಸಿದರು. ಮಗನಿಗೆ ಬೈಕು ಕೊಡಿಸುವುದೋ ಬೇಡವೋ ಎಂಬುದು ಆಯಾ ಮನೆಯ ತೀರ್ಮಾನ. ಆದರೆ ಹೆದ್ದಾರಿಯಲ್ಲಿ ಚಕ್ರವೆತ್ತಿ ಓಡಿಸುವುದಕ್ಕಿಂತ, ಬೇಲಿ ಹಾಕಿದ ಮಣ್ಣಿನ ಟ್ರ್ಯಾಕಿನಲ್ಲಿ ಹೆಲ್ಮೆಟ್ ತೊಟ್ಟು ಕಲಿಯುವುದು ಎಷ್ಟೋ ಮೇಲು. ಆ ಟ್ರ್ಯಾಕಿನ ಮಣ್ಣು ಹೇಗಿರಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು, ನಡುವೆ ಗುಂಡಿ. ಇದಕ್ಕೆಲ್ಲ ಒಂದೇ ಮದ್ದು ಎಂದು ‘ಸಾಯಿಲ್ ಸ್ಟೆಬಿಲೈಸರ್’ ಹೆಸರಿನ ದ್ರಾವಣಗಳೂ ಪುಡಿಗಳೂ ಮಾರಾಟಕ್ಕಿವೆ. ಕನ್ನಡದಲ್ಲಿ ಮಣ್ಣಿನ ಸ್ಥಿರೀಕಾರಕ ಎನ್ನಬಹುದು. ಹೆಸರು ಹೊಸದು, ಕೆಲಸ ಮಾತ್ರ ಬಹಳ ಹಳೆಯದು.

ಅಜ್ಜನ ಕಣದಲ್ಲಿ ಅಡಗಿದ ಪಾಠ

ಸುಗ್ಗಿಗೆ ಮೊದಲು ರೈತ ಕಣ ಮಾಡುವುದನ್ನು ಬಲ್ಲವರು ನೆನಪಿಸಿಕೊಳ್ಳಲಿ. ಹುಲ್ಲು ಕೆತ್ತಿ, ನೆಲಕ್ಕೆ ನೀರು ಚಿಮುಕಿಸಿ, ಅದು ಹದಕ್ಕೆ ಬರುವವರೆಗೆ ಕಾದು, ಎತ್ತುಗಳಿಂದ ತುಳಿಸಿ, ಕಲ್ಲಿನ ಗುಂಡು ಉರುಳಿಸಿ, ಕೊನೆಗೆ ಸಗಣಿ ಬಗ್ಗಡ ಸಾರಿಸುತ್ತಿದ್ದರು. ಧಾನ್ಯಕ್ಕೆ ಮಣ್ಣು ಬೆರೆಯದಷ್ಟು ಗಟ್ಟಿ ನೆಲ ಸಿದ್ಧ! ನೀರು, ಒತ್ತಡ, ಅಂಟು. ಇಂದಿನ ಇಂಜಿನಿಯರು ಮಾಡುವುದೂ ಈ ಮೂರನ್ನೇ.

ನೀರೇಕೆ? ತೀರ ಒಣಗಿದ ಮಣ್ಣಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ನಿಲ್ಲುತ್ತವೆ, ಒತ್ತಿದರೂ ಸರಿದು ಕೂರುವುದಿಲ್ಲ. ಸ್ವಲ್ಪ ನೀರು ಬಿದ್ದರೆ ಜಾರಿ, ಸಂದುಗಳನ್ನು ತುಂಬಿಕೊಂಡು ಒತ್ತಾಗಿ ಕೂರುತ್ತವೆ. ನೀರು ಹೆಚ್ಚಾದರೆ ಸಂದಿನಲ್ಲಿ ನೀರೇ ನಿಂತು ಕಣಗಳಿಗೆ ಜಾಗವಿಲ್ಲದಂತಾಗುತ್ತದೆ. ಈ ಎರಡರ ನಡುವಿನ ಹದವನ್ನು ಅಳೆಯುವ ವಿಧಾನವನ್ನು ಅಮೆರಿಕದ ಪ್ರಾಕ್ಟರ್ ಎಂಬ ಇಂಜಿನಿಯರು 1933ರಲ್ಲಿ ಪ್ರಕಟಿಸಿದ. ಅವನ ಹೆಸರಿನ ಪರೀಕ್ಷೆ ಇಂದಿಗೂ ಎಲ್ಲ ಸಿವಿಲ್ ಇಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ನಡೆಯುತ್ತದೆ. ಪ್ರಯೋಗಾಲಯ ಇಲ್ಲದವರಿಗೆ ಅಂಗೈ ಇದೆ. ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಸಾಲದು. ಅಂಗೈಗೆ ಮೆತ್ತಿಕೊಂಡರೆ ಅಥವಾ ಬಿದ್ದಲ್ಲಿ ಚಪ್ಪಟೆಯಾದರೆ ಹೆಚ್ಚಾಯಿತು. ನಾಲ್ಕಾರು ತುಂಡಾದರೆ ಹದ ಸರಿ.

ಸಗಣಿಯ ಬಗ್ಗೆ ಒಂದು ಎಚ್ಚರಿಕೆ. ಅದರೊಳಗಿನ ನಾರು ಬಿರುಕನ್ನು ತಡೆಯುತ್ತದೆ, ಅಂಟು ಕಣಗಳನ್ನು ಹಿಡಿಯುತ್ತದೆ, ನಿಜ. ಆದರೆ ಮಕ್ಕಳು ಬಿದ್ದು ಮೊಣಕಾಲು ತರಚಿಕೊಳ್ಳುವ ಟ್ರ್ಯಾಕಿಗೆ ಅದು ಸಲ್ಲದು. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲೂ ಪ್ರಾಣಿಗಳ ಸಗಣಿಯಲ್ಲೂ ಇರುತ್ತವೆ. ಮಣ್ಣಿನಲ್ಲಿ ಬೈಕು ಓಡಿಸುವ ಮಗುವಿಗೆ ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆ ಎಂದು ಅಪ್ಪ ಅಮ್ಮ ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಮೊದಲು ಮಣ್ಣನ್ನು ಓದಿ

ಮಲೆನಾಡಿನ ಅಂಚಿನಲ್ಲಿರುವ ಶಿವಮೊಗ್ಗದ ಸುತ್ತ ಒಂದೇ ಬಗೆಯ ಮಣ್ಣಿಲ್ಲ. ಪಡುವಣಕ್ಕೆ ಹೋದರೆ ಜಂಬಿಟ್ಟಿಗೆ, ಭದ್ರಾವತಿ-ಹೊನ್ನಾಳಿ ಕಡೆಗೆ ನಡೆದರೆ ಕೆಂಪು ಮಣ್ಣಿನ ನಡುನಡುವೆ ಎರೆ. 1801ರಲ್ಲಿ ಇಕ್ಕೇರಿ, ನಗರ ಸೀಮೆಯನ್ನು ಹಾದು ಶಿವಮೊಗ್ಗಕ್ಕೂ ಬಂದಿದ್ದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಇಂಥ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ‘ಜಂಬಿಟ್ಟಿಗೆ’ಯಲ್ಲೂ ಇಟ್ಟಿಗೆ ಇದ್ದೇ ಇದೆಯಲ್ಲ! ನೆಲದೊಳಗೆ ಕೊಡಲಿಗೂ ಬಗ್ಗುವ ಈ ಕಲ್ಲು ಗಾಳಿಗೆ ತೆರೆದು ಒಣಗಿದಾಗ ಗಟ್ಟಿಯಾಗಲು ಅದರೊಳಗಿನ ಕಬ್ಬಿಣದ ಆಕ್ಸೈಡೇ ಕಾರಣ. ಪ್ರಕೃತಿಯೇ ಬೆರೆಸಿಟ್ಟ ಸ್ಥಿರೀಕಾರಕ ಅದು.

ಮಣ್ಣನ್ನು ಓದಲು ಒಂದು ಗಾಜಿನ ಬಾಟಲಿ ಸಾಕು. ಮೂರರಲ್ಲಿ ಒಂದು ಪಾಲು ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಗೋಡು ಕೆಲವು ಗಂಟೆಗಳಲ್ಲಿ. 0.002 ಮಿಲಿಮೀಟರಿಗಿಂತ ಸಣ್ಣದಾದ ಜೇಡಿಕಣ ಇಳಿಯಲು ಒಂದು ದಿನವೇ ಬೇಕಾದೀತು. ಬಾಟಲಿಗೆ ಸ್ಕೇಲು ಹಿಡಿದು ಪದರಗಳನ್ನು ಅಳೆದರೆ ಯಾವುದು ಎಷ್ಟು ಪಾಲು ಎಂದು ಸುಮಾರಾಗಿ ತಿಳಿಯುತ್ತದೆ. ಮದ್ದು ಯಾವುದೆಂಬುದು ನಿರ್ಧಾರವಾಗುವುದು ಇದರ ಮೇಲೆ.

ಜೇಡಿ ಹೆಚ್ಚಿದ್ದರೆ, ಅದರಲ್ಲೂ ಎರೆ ಮಣ್ಣಾದರೆ, ಸುಣ್ಣ. ಸುಣ್ಣದ ಕ್ಯಾಲ್ಸಿಯಂ ಅಯಾನುಗಳು ಜೇಡಿಕಣಗಳ ಮೈಗಂಟಿದ ಸೋಡಿಯಂನಂಥ ಅಯಾನುಗಳನ್ನು ಹೊರಗಟ್ಟಿ ತಾವು ಕೂರುತ್ತವೆ. ಆಗ ಬಿಡಿಬಿಡಿ ಕಣಗಳು ಗುಂಪುಗೂಡುತ್ತವೆ, ಮಣ್ಣಿನ ಜಿಗುಟು ಕಡಿಮೆಯಾಗುತ್ತದೆ. ಇದು ಗಂಟೆಗಳ ಕೆಲಸ. ಬಳಿಕ ವಾರ, ತಿಂಗಳುಗಳ ಕಾಲ ಸುಣ್ಣವು ಜೇಡಿಯೊಳಗಿನ ಸಿಲಿಕಾ, ಅಲ್ಯುಮಿನಾಗಳೊಂದಿಗೆ ನಿಧಾನವಾಗಿ ಕೂಡಿ ಸಿಮೆಂಟಿನಂಥ ಅಂಟನ್ನು ಹುಟ್ಟಿಸುತ್ತದೆ. ಮರಳು, ಗರಸು ಹೆಚ್ಚಿರುವ ಮಣ್ಣಿನಲ್ಲಿ ಸುಣ್ಣಕ್ಕೆ ಈ ಜೊತೆಗಾರರು ಸಿಗುವುದಿಲ್ಲ. ಅಲ್ಲಿಗೆ ಸಿಮೆಂಟೇ ಸರಿ.

ಮಿಕ್ಕ ಸ್ಥಿರೀಕಾರಕಗಳ ಪಟ್ಟಿ ನೋಡಿದರೆ ಭದ್ರಾವತಿಯವರಿಗೆ ನಗು ಬರಬಹುದು. ತಮ್ಮೂರಿನ ಕಾರ್ಖಾನೆಗಳ ಹಿತ್ತಿಲು ನೆನಪಾಗುವಂತಿದೆ! 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯಂಥ ಊದುಕುಲುಮೆಗಳಲ್ಲಿ ಕಬ್ಬಿಣದ ಮೇಲೆ ತೇಲುವ ಕಿಟ್ಟವನ್ನು ನೀರಿನಿಂದ ಥಟ್ಟನೆ ತಣಿಸಿ ನುಣ್ಣಗೆ ಬೀಸಿದರೆ, ಸುಣ್ಣದೊಂದಿಗೆ ಮಣ್ಣನ್ನು ಬಿಗಿಯುವ ಪುಡಿ ಸಿಗುತ್ತದೆ. 1936ರಲ್ಲಿ ಸ್ಥಾಪನೆಯಾಗಿ 2015ರ ಹೊತ್ತಿಗೆ ಯಂತ್ರ ನಿಲ್ಲಿಸಿದ ಎಂಪಿಎಂ ನೆರಳಿನಲ್ಲಿ ಬೆಳೆದವರಿಗೆ ಲಿಗ್ನಿನ್ ಹೊಸ ಹೆಸರಲ್ಲ. ಮರದ ನಾರುಗಳನ್ನು ಹಿಡಿದಿಡುವ ಈ ಅಂಟನ್ನು ತೆಗೆದರಷ್ಟೇ ಒಳ್ಳೆಯ ಕಾಗದ. ಸಲ್ಫೈಟ್ ವಿಧಾನದ ಕಾಗದ ಕಾರ್ಖಾನೆಗಳಲ್ಲಿ ಹೀಗೆ ಹೊರಬರುವ ಲಿಗ್ನೋಸಲ್ಫೊನೇಟನ್ನು ಹಲವು ದೇಶಗಳಲ್ಲಿ ಮಣ್ಣುರಸ್ತೆಯ ಧೂಳಿಗೆ ಚಿಮುಕಿಸುತ್ತಾರೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯೂ ಇದೇ ಕೆಲಸಕ್ಕೆ ಬಂದಿದೆ. ಆದರೆ ಇವೆರಡೂ ನೀರಿನಲ್ಲಿ ಕರಗುತ್ತವೆ. ಮಲೆನಾಡಿನ ಜೂನ್ ತಿಂಗಳ ಎದುರು ಇವುಗಳ ಆಟ ನಡೆಯದು. ಗಾಳಿಯ ತೇವ ಹೀರಿ ಧೂಳಡಗಿಸುವ ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಮಳೆಗೆ ತೊಳೆದುಹೋಗುತ್ತದೆ. ಹೋಗುವ ಮುನ್ನ ಬೈಕಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿ, ಬದಿಯ ಗಿಡಗಳನ್ನೂ ಬಾಡಿಸುತ್ತದೆ.

ಡ್ರಮ್ಮುಗಳಲ್ಲಿ ಬರುವ ಹಾಲುಬಿಳುಪಿನ ದ್ರಾವಣ ಸಾಮಾನ್ಯವಾಗಿ ಪಾಲಿಮರ್. ಗೋಡೆಯ ಬಣ್ಣದಲ್ಲಿರುವ ಅಂಟಿನ ಜಾತಿಯೇ ಅದು. ನೀರು ಆರಿದಾಗ ಕಣಗಳ ಸುತ್ತ ಮತ್ತೆ ಸುಲಭವಾಗಿ ಕರಗದ ಪೊರೆಯಾಗುತ್ತದೆ. ಬಿಸಿಲಿಗೆ ನಿಧಾನವಾಗಿ ಜೀರ್ಣವಾಗುತ್ತದೆ, ಸವೆದಾಗ ಪ್ಲಾಸ್ಟಿಕ್ ಚೂರುಗಳನ್ನು ಮಣ್ಣಿಗೆ ಬಿಡುತ್ತದೆ. ಜೈವಿಕ ಕಿಣ್ವದ ದ್ರಾವಣಗಳೂ ಇವೆ. ಸುರತ್ಕಲ್ಲಿನ ಎನ್‌ಐಟಿಕೆ ತಜ್ಞರು ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಮೇಲೆ ಇಂಥ ಕಿಣ್ವವನ್ನು ಪರೀಕ್ಷಿಸಿ 2009ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಹೊಲಕ್ಕೆ ಇಳಿಸುವ ಮೊದಲು ಆಯಾ ಮಣ್ಣಿನ ಮೇಲೆ ಪ್ರಯೋಗಾಲಯದಲ್ಲಿ ನೋಡಿಕೊಳ್ಳಿ ಎಂಬುದು ಅವರ ಸಲಹೆ.

ಲೆಕ್ಕ ಮತ್ತು ಲಗಾಮು

ಒಂದು ಸಣ್ಣ ಲೆಕ್ಕ. 800 ಮೀಟರ್ ಉದ್ದ, 5 ಮೀಟರ್ ಅಗಲದ ಟ್ರ್ಯಾಕನ್ನು 10 ಸೆಂಟಿಮೀಟರ್ ಆಳಕ್ಕೆ ಗಟ್ಟಿ ಮಾಡಬೇಕೆಂದುಕೊಳ್ಳಿ. ಒಟ್ಟು 400 ಘನ ಮೀಟರ್. ಅದುಮಿದ ಮಣ್ಣು ಘನ ಮೀಟರಿಗೆ 1.8 ಟನ್ ಎಂದರೆ 720 ಟನ್ ಮಣ್ಣು. ಶೇಕಡಾ 5ರಷ್ಟು ಸಿಮೆಂಟೆಂದರೆ 36 ಟನ್, ಅಂದರೆ 50 ಕಿಲೋದ 720 ಚೀಲ! ಚೀಲದ ಬೆಲೆಯಿಂದ ಗುಣಿಸುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು.

ಹಣವಿದ್ದರೂ ಇಡೀ ಟ್ರ್ಯಾಕನ್ನು ಹೀಗೆ ಬಿಗಿಯುವುದು ತಪ್ಪು. ಡರ್ಟ್ ಬೈಕಿನ ಟೈರಿನಲ್ಲಿ ಗುಬಟುಗಳಿರುವುದು ಮಣ್ಣನ್ನು ಕಚ್ಚಲೆಂದು. ಕಲ್ಲಿನಂಥ ನೆಲದಲ್ಲಿ ಅವು ಕಚ್ಚಲಾರದೆ ಜಾರುತ್ತವೆ. ತೆಳು ಸಿಮೆಂಟು ಪದರ ಹೊಡೆತಕ್ಕೆ ಹಪ್ಪಳದಂತೆ ಒಡೆದು, ಚೂಪು ಅಂಚಿನ ಚೂರುಗಳು ಹಿಂದಿನವನ ಮುಖಕ್ಕೆ ಹಾರುತ್ತವೆ. ಬಿದ್ದವನ ಮೂಳೆಗೂ ಅಂಥ ನೆಲ ನೆಟ್ಟಗಲ್ಲ. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವೂ ಮೋಟೋಕ್ರಾಸ್ ಹಾದಿ ಸಹಜ ಮಣ್ಣು, ಮರಳಿನದೇ ಆಗಿರಬೇಕೆನ್ನುತ್ತದೆ. 2008ರಲ್ಲಿ ಒಲಿಂಪಿಕ್ಸ್ ಸೇರಿದ ಬಿಎಂಎಕ್ಸ್ ಸೈಕಲ್ ಓಟದ ಮಾತು ಬೇರೆ. ಅಲ್ಲಿ ಇಂಜಿನಿಲ್ಲ, ನುಣುಪು ಗಟ್ಟಿ ನೆಲವೇ ವೇಗ ಕೊಡುತ್ತದೆ. ಆ ಓಟಕ್ಕೆ ಹೊಂದುವ ಮದ್ದನ್ನು ಬೈಕಿನ ಟ್ರ್ಯಾಕಿಗೆ ಹಾಗೇ ತರಬಾರದು.

ಹಾಗಾದರೆ ಎಲ್ಲಿ ಬೇಕು? ಬೈಕು ನಿಲ್ಲಿಸುವ ಜಾಗ, ಪ್ರೇಕ್ಷಕರು ಬರುವ ದಾರಿ, ಆಂಬುಲೆನ್ಸ್ ಹಾದಿ. ನಿಜಕ್ಕೂ ಧೂಳು ಜನರ ಮೂಗಿಗೆ ಹತ್ತಿರವಿರುವುದು ಇಲ್ಲಿಯೇ. ಹಾರುದಿಬ್ಬಗಳ ಒಡಲಿಗೂ ಬಿಗಿತ ಬೇಕು, ಮೇಲೆ ಮಾತ್ರ ಮೆತ್ತನೆ ಮಣ್ಣಿರಲಿ. ಓಡುವ ಹಾದಿಗೆ ಬೇಕಾದದ್ದು ತೇವ. ಸಾಮಿಲ್ಲಿನ ಮರದ ಹೊಟ್ಟನ್ನು ಮೇಲ್ಮಣ್ಣಿಗೆ ಬೆರೆಸಿ ಹಿಂದಿನ ಸಂಜೆಯೇ ನೀರುಣಿಸಿದರೆ ಅದು ಸ್ಪಂಜಿನಂತೆ ತೇವ ಹಿಡಿದಿಡುತ್ತದೆ. ಶಿವಮೊಗ್ಗದಂಥ ಊರಿನಲ್ಲಿ ಹೊಟ್ಟಿಗೆ ಬರವೇನು? ಇದರ ಜೊತೆಗೆ ಹಾದಿಯ ನಡು ತುಸು ಎತ್ತರವಿದ್ದು, ಇಬ್ಬದಿ ಚರಂಡಿ ಇರಬೇಕು. ನೀರು ನಿಲ್ಲುವ ಟ್ರ್ಯಾಕನ್ನು ಯಾವ ಡ್ರಮ್ಮೂ ಉಳಿಸದು.

ಸುಣ್ಣ, ಸಿಮೆಂಟು ಬೆರೆಸುವುದು ಮಕ್ಕಳ ಕೆಲಸವಲ್ಲ. ಎರಡೂ ಪ್ರಬಲ ಕ್ಷಾರಗಳು. ಸುಡುಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ದೊಡ್ಡವರೂ ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಬೇಕು. ಬೆರೆಸಿ ಅದುಮಿದ ಮೇಲೆ ಏಳು ದಿನ ಒದ್ದೆ ಗೋಣಿ ಹೊದಿಸಿ ಆರದಂತೆ ನೋಡಿಕೊಳ್ಳಬೇಕು. ಆ ಏಳು ದಿನ ಬೈಕು ಹತ್ತಿಸಲು ಹಟ ಹಿಡಿಯುವ ಹುಡುಗರನ್ನು ತಡೆಯುವುದೇ ದೊಡ್ಡ ಸಾಹಸ.

ಯಾವುದನ್ನೇ ಕೊಳ್ಳುವ ಮೊದಲು ಜನವರಿ-ಫೆಬ್ರವರಿಯಲ್ಲಿ ಟ್ರ್ಯಾಕಿನ ಬದಿಗೆ ಎರಡೆರಡು ಮೀಟರಿನ ಮೂರು ಚೌಕಗಳನ್ನು ಮಾಡಿ. ಒಂದಕ್ಕೆ ನೀರು ಮತ್ತು ರೋಲರ್ ಮಾತ್ರ, ಇನ್ನೊಂದಕ್ಕೆ ಸುಣ್ಣ ಅಥವಾ ಸಿಮೆಂಟು, ಮತ್ತೊಂದಕ್ಕೆ ಅಂಗಡಿಯವನು ಕೊಟ್ಟ ಮಾದರಿ. ಬೇಸಿಗೆಯಲ್ಲಿ ಮೂರೂ ಗಟ್ಟಿಯಾಗಿಯೇ ಕಾಣುತ್ತವೆ, ಅದನ್ನು ನಂಬಬೇಡಿ. ಏಪ್ರಿಲ್-ಮೇ ತಿಂಗಳ ಮೊದಲ ಗುಡುಗುಮಳೆ ಬಿದ್ದ ಮರುದಿನ ಬೆಳಿಗ್ಗೆ ಹೋಗಿ ಹಿಮ್ಮಡಿಯಿಂದ ಒತ್ತಿ ನೋಡಿ. ಯಾವ ಚೌಕದ ಬುಡದಲ್ಲಿ ಚರಂಡಿ ನೀರು ಕೆಂಪಾಗಿದೆ ಎಂಬುದನ್ನೂ ಗುರುತಿಟ್ಟುಕೊಳ್ಳಿ. ಡ್ರಮ್ಮಿಗೆ ಹಣ ಕೊಡುವ ಮಾತು ಆಮೇಲೆ.