ಎಂಜಿನ್ ಬದಲಾದ್ರೆ ಅದು ಅದೇ ಕಾರಾ?

2018ರ ಮೇ 19. ಬ್ರಿಟನ್ ರಾಜಕುಮಾರ ಹ್ಯಾರಿ ಮತ್ತು ಮೇಘನ್ ಮದುವೆ. ಸಂಜೆ ವಿಂಡ್ಸರ್ ಕೋಟೆಯಿಂದ ನವದಂಪತಿ ಹೊರಟಿದ್ದು ಹಳೇ ಜಾಗ್ವಾರ್ ಇ-ಟೈಪ್ ಕಾರಿನಲ್ಲಿ. ಜಗತ್ತಿನ ಟಿವಿಗಳೆಲ್ಲ ತೋರಿಸಿದ ಆ ದೃಶ್ಯದಲ್ಲಿ ಒಂದು ಮಾತ್ರ ಇರಲಿಲ್ಲ, ಎಂಜಿನ್ ಸದ್ದು. ಬಾನೆಟ್ ಒಳಗಿದ್ದದ್ದು ಬ್ಯಾಟರಿ! ಹಾಗಾದ್ರೆ ಅದನ್ನು ಇ-ಟೈಪ್ ಅನ್ನಬಹುದಾ?

ಹಳೇ ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡವರಿಗೆ ಇದು ಹರಟೆಯ ಪ್ರಶ್ನೆಯಲ್ಲ, ಲಕ್ಷಾಂತರ ರೂಪಾಯಿಯ ಪ್ರಶ್ನೆ. ಎಂಜಿನ್ ಕೈಕೊಟ್ಟಾಗ ಬಿಚ್ಚಿ ಕಟ್ಟಿಸಬೇಕಾ, ಬೇರೆಯದನ್ನೇ ಕೂರಿಸಬೇಕಾ?

ಇ-ಟೈಪನ್ನೇ ತೆಗೆದುಕೊಳ್ಳಿ. 1961ರಲ್ಲಿ ಜಿನೀವಾದಲ್ಲಿ ಬಿಡುಗಡೆಯಾದಾಗ ಅದರಲ್ಲಿದ್ದದ್ದು 3.8 ಲೀಟರ್‌ನ ಆರು ಸಿಲಿಂಡರ್ ಎಂಜಿನ್. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದ್ದು. ಇಂಥ ಎಂಜಿನ್ ಹೊಗೆ ಬಿಟ್ಟ ತಕ್ಷಣ ಅದರ ಕಥೆ ಮುಗೀತು ಅಂದುಕೊಳ್ಳಬೇಡಿ. ಮೊದಲು ಆರೂ ಸಿಲಿಂಡರ್‌ಗಳ ಕಂಪ್ರೆಷನ್ ಅಳೆಸಿ. ಒಂದರಲ್ಲಿ ಕಡಿಮೆ ಬಂತಾ? ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ನಾನು ಇಂಜಿನಿಯರಿಂಗ್ ಓದಿದವನು. ಅದರ ಲೆಕ್ಕದಲ್ಲಿ ಹೇಳ್ತೀನಿ, ಸವೆದದ್ದು ಬೇರೆ, ಬಿರುಕು ಬಿಟ್ಟದ್ದು ಬೇರೆ. ಸವೆದ ಸಿಲಿಂಡರನ್ನು ರೀಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದು, ಇಲ್ಲವೇ ಹೊಸ ಲೈನರ್ ಕೂರಿಸಬಹುದು. ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ ಹೊಸ ಬೇರಿಂಗ್ ಹಾಕಬಹುದು. ಆದರೆ ಬ್ಲಾಕೇ ಬಿರುಕು ಬಿಟ್ಟಿದ್ದರೆ ಖರ್ಚಿನ ಲೆಕ್ಕವೇ ಬದಲಾಗುತ್ತೆ. ಹಾಗಾಗಿ ಎಂಜಿನ್ ಬಿಚ್ಚಿ, ಬಿರುಕಿನ ಪರೀಕ್ಷೆ ಮಾಡಿಸುವವರೆಗೆ ಯಾವ ಎಸ್ಟಿಮೇಟನ್ನೂ ನಂಬಬೇಡಿ.

ಇನ್ನೊಂದು ವಿಷಯ ನಂಬರ್. ಬ್ಲಾಕಿನ ಮೇಲೆ ಕೊರೆದ ಎಂಜಿನ್ ನಂಬರ್ ಕಾರ್ಖಾನೆಯ ದಾಖಲೆಗೆ ತಾಳೆಯಾದರೆ ಕಾರಿನ ಬೆಲೆಯೇ ಬೇರೆ. ನಮ್ಮ ದೇಶದಲ್ಲಂತೂ ಇದಕ್ಕೆ ಕಾನೂನಿನ ಮುಖವೂ ಇದೆ. ಎಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಅನ್ನುವ ವಿಂಟೇಜ್ ನಂಬರ್ ಕೊಡುವ ನಿಯಮ ತಂದಿತು. ಅದರ ಷರತ್ತು ಏನು ಗೊತ್ತಾ? ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ಭಾರಿ ಬದಲಾವಣೆ ಆಗಿರಬಾರದು. ಅಂದರೆ ಅಗ್ಗ ಅಂತ ಬೇರೆ ಕಂಪನಿಯ ಎಂಜಿನ್ ತುರುಕಿದರೆ ಆ ಗೌರವವೇ ಕೈತಪ್ಪಬಹುದು.

ಹಾಗಂತ ಬದಲಿಸುವುದೇ ಪಾಪ ಅಂತ ನಾನು ಹೇಳಲ್ಲ. ದಿನಾ ಓಡಿಸೋ ಕಾರು, ಮೂಲ ಎಂಜಿನ್ ಯಾವತ್ತೋ ಕಳೆದುಹೋಗಿದೆ ಅನ್ನುವವರು ಧಾರಾಳವಾಗಿ ಬದಲಿಸಲಿ. ಸಾಧ್ಯವಾದರೆ ಅದೇ ಜಾತಿಯ ಎಂಜಿನ್ ಹುಡುಕಲಿ. ಮೂಲ ಬ್ಲಾಕ್ ಗಟ್ಟಿಯಿದ್ದರೆ ಮಾತ್ರ ನನ್ನ ಓಟು ಕಟ್ಟಿಸುವುದಕ್ಕೇ.

ಮದುವೆಯ ಆ ಕಾರಿನಲ್ಲೂ ಒಂದು ಜಾಣ್ಮೆ ಇತ್ತು. 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್ ಒಡೆತನಕ್ಕೆ ಬಂದ ಜಾಗ್ವಾರ್, ಆ ಬ್ಯಾಟರಿಯನ್ನು ಹಳೇ ಎಂಜಿನ್ನಿನಷ್ಟೇ ಗಾತ್ರ, ಹೆಚ್ಚುಕಮ್ಮಿ ಅಷ್ಟೇ ತೂಕಕ್ಕೆ ಮಾಡಿತ್ತು. ಬಾಡಿಯನ್ನು ಕತ್ತರಿಸದೆ ಕೂರಿಸಿತ್ತು. ಬೇಕೆಂದಾಗ ಪೆಟ್ರೋಲ್ ಎಂಜಿನ್ ವಾಪಸ್ ಹಾಕಬಹುದು.

ನೀವೂ ಅಷ್ಟೇ ಮಾಡಿ. ಎಂಜಿನ್ ಬದಲಿಸಲೇಬೇಕಾಗಿ ಬಂದು, ಗ್ಯಾರೇಜಿನವರು "ಸಾರ್, ಹಳೇದನ್ನ ಗುಜರಿಗೆ ಹಾಕ್ಬಿಡ್ಲಾ?" ಅಂತ ಕೇಳಿದರೆ, ಬೇಡ ಅನ್ನಿ. ಗ್ರೀಸ್ ಸವರಿ, ಮುಚ್ಚಿ, ಮನೆಯ ಮೂಲೆಯಲ್ಲಿಡಿ.