ಬ್ರಾಡ್‌ವೇ ಊರು, ಹಾಲಿವುಡ್ ಊರು

2023ರ ಏಪ್ರಿಲ್ 16ರಂದು ನ್ಯೂಯಾರ್ಕಿನ ಮೆಜೆಸ್ಟಿಕ್ ರಂಗಮಂದಿರದಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಸಂಗೀತ ನಾಟಕದ ಕೊನೆಯ ಆಟ ನಡೆಯಿತು. 1988ರ ಜನವರಿಯಲ್ಲಿ ಆರಂಭವಾದ ನಾಟಕ ಅದು. ಒಂದೇ ಊರು, ಒಂದೇ ರಂಗಮಂದಿರ, 13,981 ಪ್ರದರ್ಶನ. ಅದಾಗಿ ಸುಮಾರು ಎರಡು ವಾರಕ್ಕೆ, ಮೇ 2ರಂದು, ಅಮೆರಿಕದ ಚಿತ್ರಕಥೆಗಾರರು ಕೆಲಸ ನಿಲ್ಲಿಸಿದರು. ದೇಶದ ಇನ್ನೊಂದು ತುದಿಯಲ್ಲಿರುವ ಲಾಸ್ ಏಂಜಲೀಸ್‌ನ ಸ್ಟುಡಿಯೊಗಳ ಗೇಟಿನ ಮುಂದೆ ಫಲಕ ಹಿಡಿದು ನಿಂತರು. ಮುಷ್ಕರ 148 ದಿನ ನಡೆಯಿತು. ಜುಲೈಯಲ್ಲಿ ನಟ ನಟಿಯರೂ ಸೇರಿಕೊಂಡರು. ತಾವು ಬರೆದದ್ದನ್ನು, ನಟಿಸಿದ್ದನ್ನು ಸ್ಟ್ರೀಮಿಂಗ್ ಕಂಪನಿಗಳು ಎಷ್ಟು ಜನರಿಗೆ ಎಷ್ಟು ಸಲ ತೋರಿಸಿದರೂ ತಮ್ಮ ಕೈಗೆ ಬರುವ ಪಾಲು ತೀರಾ ಸಣ್ಣದು ಎಂಬುದು ಅವರ ದೊಡ್ಡ ತಕರಾರುಗಳಲ್ಲಿ ಒಂದು.

ನ್ಯೂಯಾರ್ಕಿನ ಬ್ರಾಡ್‌ವೇ ಮಾರುವುದು ಆಯಾ ಸಂಜೆಯ ಆಟವನ್ನು. ಕಲಾವಿದರು ಬಂದು ಆಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಲಾಸ್ ಏಂಜಲೀಸ್‌ನ ಹಾಲಿವುಡ್ ಮಾರುವುದು ಒಮ್ಮೆ ಮಾಡಿಟ್ಟದ್ದರ ಪ್ರತಿಗಳನ್ನು. ಈ ಎರಡು ನಗರಗಳ ಮನರಂಜನೆ ಉದ್ಯಮ ಬೆಳೆದ ಬಗೆಯನ್ನೂ ಇಂದು ಅವು ಪಡುತ್ತಿರುವ ಪಾಡನ್ನೂ ತಿಳಿಯಬೇಕಾದರೆ ಈ ವ್ಯತ್ಯಾಸವನ್ನು ಹಿಡಿದೇ ಹೊರಡಬೇಕು ಎಂಬುದು ನನ್ನ ನಂಬಿಕೆ.

ಗಾತ್ರದಲ್ಲಿ ಎರಡೂ ದೈತ್ಯ ನಗರಗಳೇ. 2020ರ ಜನಗಣತಿಯ ಪ್ರಕಾರ ನ್ಯೂಯಾರ್ಕಿನಲ್ಲಿ 88 ಲಕ್ಷ ಜನ, ಲಾಸ್ ಏಂಜಲೀಸ್‌ನಲ್ಲಿ 39 ಲಕ್ಷ. ಸುತ್ತಲ ಊರುಗಳನ್ನೂ ಸೇರಿಸಿಕೊಂಡರೆ ನ್ಯೂಯಾರ್ಕ್ ಮಹಾನಗರ ವಲಯದ ವಾರ್ಷಿಕ ಉತ್ಪಾದನೆ 2 ಲಕ್ಷ ಕೋಟಿ ಡಾಲರ್ ದಾಟುತ್ತದೆ, ಲಾಸ್ ಏಂಜಲೀಸ್ ವಲಯದ್ದು 1 ಲಕ್ಷ ಕೋಟಿ ಡಾಲರ್ ದಾಟುತ್ತದೆ. ಅಮೆರಿಕದಲ್ಲಿ ಮೊದಲ ಎರಡು ಸ್ಥಾನ ಇವುಗಳದ್ದೇ.

ನ್ಯೂಯಾರ್ಕನ್ನು ಬೆಳೆಸಿದ್ದು ಬಂದರು. 1792ರಲ್ಲಿ ವಾಲ್ ಸ್ಟ್ರೀಟಿನ 24 ದಲ್ಲಾಳಿಗಳು ಮಾಡಿಕೊಂಡ ಒಪ್ಪಂದ ಷೇರುಪೇಟೆಗೆ ತಳಹದಿಯಾಯಿತು. 1825ರಲ್ಲಿ ಈರಿ ಕಾಲುವೆ ತೆರೆದಾಗ ಒಳನಾಡಿನ ಧಾನ್ಯವೆಲ್ಲ ಹಡ್ಸನ್ ನದಿಗುಂಟ ಈ ಊರಿಗೆ ಇಳಿಯತೊಡಗಿತು. ವ್ಯಾಪಾರದ ಹಿಂದೆ ಬ್ಯಾಂಕು, ವಿಮೆ, ಪತ್ರಿಕೆ, ಪುಸ್ತಕ ಪ್ರಕಾಶನ ಬಂದವು. ದುಡಿದು ದಣಿದವರು ಸಂಜೆ ಎಲ್ಲಿಗೆ ಹೋಗಬೇಕು? ನಾಟಕಕ್ಕೆ. 1904ರಲ್ಲಿ ಸುರಂಗ ರೈಲು ಓಡಾಟ ಆರಂಭಿಸಿತು. ಅದೇ ವರ್ಷ ಲಾಂಗೇಕರ್ ಸ್ಕ್ವೇರ್ ಎಂಬ ಚೌಕಕ್ಕೆ, ಅಲ್ಲಿಗೆ ಬಂದ ಪತ್ರಿಕೆಯಿಂದಾಗಿ, ಟೈಮ್ಸ್ ಸ್ಕ್ವೇರ್ ಎಂದು ಹೆಸರಾಯಿತು. ನಾಟಕ ಮುಗಿಸಿಕೊಂಡು ಯಾವ ಬಡಾವಣೆಯವರಾದರೂ ರೈಲು ಹತ್ತಿ ಮನೆ ಸೇರುವಂತಾದದ್ದು ರಂಗಮಂದಿರಗಳ ಪಾಲಿಗೆ ದೊಡ್ಡ ಬಲ.

ಲಾಸ್ ಏಂಜಲೀಸ್‌ನ ಕಥೆ ಬೇರೆ. 1900ರಲ್ಲಿ ಅಲ್ಲಿದ್ದದ್ದು ಸುಮಾರು 1 ಲಕ್ಷ ಜನ, 1930ರ ಹೊತ್ತಿಗೆ 12 ಲಕ್ಷ ಮೀರಿತು. ರೈಲು ಬಂದಿತ್ತು, ನೆಲದಲ್ಲಿ ಎಣ್ಣೆ ಸಿಕ್ಕಿತ್ತು, ಕಿತ್ತಳೆ ತೋಟಗಳಿದ್ದವು. ಇಲ್ಲದಿದ್ದದ್ದು ನೀರು. ವಿಲಿಯಂ ಮುಲ್ಹಾಲಂಡ್ ಎಂಬ ಎಂಜಿನಿಯರ್ ಓವೆನ್ಸ್ ಕಣಿವೆಯಿಂದ ಸುಮಾರು 233 ಮೈಲಿ ಉದ್ದದ ನಾಲೆ ತಂದು 1913ರಲ್ಲಿ ನೀರು ಹರಿಸಿದ. ಕಣಿವೆಯ ರೈತರು ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ, ಅಲ್ಲಿನ ಕೆರೆ ಬತ್ತಿಯೇ ಹೋಯಿತು. ಹಾಲಿವುಡ್ ಮೊದಲು ಪ್ರತ್ಯೇಕ ಪುಟ್ಟ ಪುರಸಭೆಯಾಗಿತ್ತು. 1910ರಲ್ಲಿ ಅದು ಲಾಸ್ ಏಂಜಲೀಸ್‌ನೊಳಗೆ ಸೇರಿದ್ದೂ ನೀರಿನ ಆಸೆಗೇ.

ಸಿನಿಮಾ ಹುಟ್ಟಿದ್ದು ಅಲ್ಲಲ್ಲ. ಎಡಿಸನ್ನನ ಮೊದಲ ಸ್ಟುಡಿಯೊ ಇದ್ದದ್ದು ನ್ಯೂಯಾರ್ಕಿನ ಮಗ್ಗುಲಿನ ನ್ಯೂಜೆರ್ಸಿಯಲ್ಲಿ. ಹಡ್ಸನ್ ನದಿಯಾಚೆಯ ಫೋರ್ಟ್ ಲೀ ಎಂಬಲ್ಲಿ ಶೂಟಿಂಗ್ ಭರದಿಂದ ಸಾಗಿತ್ತು. ಹಗಲು ಚಿತ್ರೀಕರಣದಲ್ಲಿ ನಟಿಸಿ ರಾತ್ರಿ ರಂಗದ ಮೇಲೆ ಬಣ್ಣ ಹಚ್ಚುವುದು ಅಲ್ಲಿ ಸಾಧ್ಯವಿತ್ತು. 1908ರಲ್ಲಿ ಎಡಿಸನ್ ಮತ್ತಿತರರು ತಮ್ಮ ಪೇಟೆಂಟುಗಳನ್ನೆಲ್ಲ ಒಟ್ಟುಗೂಡಿಸಿ ಕೂಟ ಕಟ್ಟಿಕೊಂಡರು. ಲೈಸೆನ್ಸ್ ಇಲ್ಲದೆ ಕ್ಯಾಮೆರಾ ತಿರುಗಿಸಿದವರ ಮೇಲೆ ದಾವೆ ಹೂಡಿದರು. ಎಡಿಸನ್ನನ ವಕೀಲರಿಗೆ ಹೆದರಿ ಎಲ್ಲರೂ ಪಶ್ಚಿಮಕ್ಕೆ ಓಡಿದರು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದರಲ್ಲಿ ಸತ್ಯಾಂಶವಿದ್ದರೂ ಅದೊಂದೇ ಕಾರಣವಲ್ಲ. ವರ್ಷವಿಡೀ ಬಿಸಿಲು, ಅಗ್ಗದ ಜಮೀನು, ಒಂದೇ ದಿನದಲ್ಲಿ ಮುಟ್ಟಬಹುದಾದ ಕಡಲು, ಬೆಟ್ಟ, ಮರುಭೂಮಿ ಇವೆಲ್ಲ ಸೆಳೆದವು. ಕಾರ್ಮಿಕ ಸಂಘಗಳಿಗೆ ಬಲವಿರದ ಊರಾದ್ದರಿಂದ ಕೂಲಿಯೂ ಕಡಿಮೆ. ಕೂಟವನ್ನು ನ್ಯಾಯಾಲಯ 1915ರಲ್ಲಿ ಕಾನೂನುಬಾಹಿರ ಎಂದಿತು. ಓಡಿ ಬಂದವರೇ ಆಗಿದ್ದರೆ ಆಗ ಮರಳಬಹುದಿತ್ತು. ಹೆಚ್ಚಿನವರು ಮರಳಲಿಲ್ಲ.

ಹಾಲಿವುಡ್‌ನಲ್ಲಿ ತಯಾರಾದ ಮೊದಮೊದಲ ಪೂರ್ಣಾವಧಿ ಚಿತ್ರಗಳಲ್ಲೊಂದು ಸೆಸಿಲ್ ಬಿ. ಡಿಮಿಲ್‌ನ ‘ದಿ ಸ್ಕ್ವಾ ಮ್ಯಾನ್’, 1914ರದ್ದು. ಬಾಡಿಗೆಗೆ ಹಿಡಿದ ಒಂದು ಕುದುರೆ ಕೊಟ್ಟಿಗೆಯೇ ಅದರ ಸ್ಟುಡಿಯೊ. ಡಿಮಿಲ್ ನ್ಯೂಯಾರ್ಕಿನ ರಂಗಭೂಮಿಯಿಂದ ಬಂದವನು. ಚಿತ್ರದ ಕಥೆಯೂ ಬ್ರಾಡ್‌ವೇ ನಾಟಕದ್ದೇ.

ಹಣದ ಪೆಟ್ಟಿಗೆ ಮಾತ್ರ ಪೂರ್ವದಲ್ಲೇ ಉಳಿಯಿತು. ಎಂಜಿಎಂ ಸ್ಟುಡಿಯೊದ ಸಿಂಹ ಗರ್ಜಿಸುತ್ತಿದ್ದದ್ದು ಕ್ಯಾಲಿಫೋರ್ನಿಯದಲ್ಲಾದರೂ ಅದರ ಒಡೆಯ ಕಂಪನಿ ಲೋಸ್ ಇದ್ದದ್ದು ನ್ಯೂಯಾರ್ಕಿನಲ್ಲಿ. ವರ್ಷಕ್ಕೆ ಎಷ್ಟು ಚಿತ್ರ, ಎಷ್ಟು ಬಜೆಟ್ ಎಂಬ ತೀರ್ಮಾನ ಅಲ್ಲಿಂದ ಬರುತ್ತಿತ್ತು. 1927ರ ಅಕ್ಟೋಬರಿನಲ್ಲಿ ‘ದಿ ಜಾಝ್ ಸಿಂಗರ್’ ಬಿಡುಗಡೆಯಾಗಿ ಚಿತ್ರಗಳು ಮಾತಾಡತೊಡಗಿದ ಮೇಲೆ ಸಂಭಾಷಣೆ ಬರೆಯಲು, ಸ್ಪಷ್ಟವಾಗಿ ಮಾತು ಒಪ್ಪಿಸಲು ಜನ ಬೇಕಾಯಿತು. ನ್ಯೂಯಾರ್ಕಿನ ನಾಟಕಕಾರರು, ಪತ್ರಕರ್ತರು, ನಟರು ರೈಲು ಹತ್ತಿದರು. ಒಂದು ಊರು ಪಳಗಿಸಿದ ಪ್ರತಿಭೆ ಇನ್ನೊಂದು ಊರಿನ ಬಂಡವಾಳವಾಯಿತು.

ಟೆಲಿವಿಷನ್ ಬಂದಾಗಲೂ ಮೊದಲು ಇದೇ ಸ್ಥಿತಿ. ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಟಿವಿ ಪರದೆಯನ್ನೇ ಫಿಲ್ಮಿಗೆ ಇಳಿಸಿದ ಮಸುಕು ಪ್ರತಿ ಹೋಗುತ್ತಿತ್ತು. 1951ರಲ್ಲಿ ನಟಿ ಲೂಸಿಲ್ ಬಾಲ್ ಮತ್ತು ಆಕೆಯ ಪತಿ ಡೆಸಿ ಅರ್ನಾಜ್ ‘ಐ ಲವ್ ಲೂಸಿ’ ಧಾರಾವಾಹಿ ಮಾಡಲು ಹೊರಟಾಗ ನ್ಯೂಯಾರ್ಕಿಗೇ ಬಂದು ಮಾಡಬೇಕೆಂಬ ಒತ್ತಾಯವಿತ್ತು. ದಂಪತಿ ಲಾಸ್ ಏಂಜಲೀಸ್ ಬಿಡಲು ಒಪ್ಪಲಿಲ್ಲ. ಸಿನಿಮಾದಂತೆ 35 ಎಂಎಂ ಫಿಲ್ಮಿನಲ್ಲೇ, ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು, ಒಟ್ಟಿಗೆ ಮೂರು ಕ್ಯಾಮೆರಾ ಓಡಿಸಿ ಚಿತ್ರೀಕರಿಸುತ್ತೇವೆ ಎಂದರು. ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪ ಬಂತು. ಹಾಗಾದರೆ ನಮ್ಮ ಸಂಭಾವನೆ ಇಳಿಸಿ, ಫಿಲ್ಮಿನ ಒಡೆತನ ನಮಗಿರಲಿ ಎಂದು ಕೇಳಿ ಪಡೆದರು. ಒಮ್ಮೆ ತೋರಿಸಿದ ಕಾರ್ಯಕ್ರಮವನ್ನು ಮತ್ತೆ ಯಾರು ನೋಡುತ್ತಾರೆ ಎಂದುಕೊಂಡಿದ್ದ ಕಾಲ. ಧಾರಾವಾಹಿ ಮರುಪ್ರಸಾರವಾಗುತ್ತ ಹೋಯಿತು. ಆ ಹಕ್ಕು ಮಾರಿದ ಹಣ ಅವರ ಕಂಪನಿ ಡೆಸಿಲು ಬೆಳೆಯಲು ನೆರವಾಯಿತು. ಆ ದಶಕ ಮುಗಿಯುವ ಮೊದಲೇ ಅದು ಆರ್‌ಕೆಒ ಎಂಬ ಹಳೆಯ ಸ್ಟುಡಿಯೊವನ್ನೇ ಕೊಂಡುಕೊಂಡಿತು. ಟಿವಿ ಉದ್ಯಮದ ದೊಡ್ಡ ಭಾಗ ಪಶ್ಚಿಮಕ್ಕೆ ಸರಿಯಿತು.

ಪ್ರತಿಯಿಂದ ಮತ್ತೆ ಮತ್ತೆ ಹಣ ಬರುವುದಾದರೆ ದುಡಿದವನಿಗೂ ಮತ್ತೆ ಮತ್ತೆ ಪಾಲು ಸಿಗಬೇಕಲ್ಲ? 1960ರಲ್ಲಿ ಲೇಖಕರೂ ನಟರೂ ಇದಕ್ಕಾಗಿಯೇ ಮುಷ್ಕರ ಹೂಡಿದರು. ನಟರ ಸಂಘದ ಅಧ್ಯಕ್ಷರಾಗಿದ್ದವರು ಮುಂದೆ ದೇಶದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಆಗ ದೊರೆತ ‘ರೆಸಿಡ್ಯುಯಲ್’ ಎಂಬ ಮರುಪ್ರಸಾರದ ಪಾಲು, ಪಿಂಚಣಿ ಮತ್ತು ಆರೋಗ್ಯ ನಿಧಿಗಳೇ ಲಾಸ್ ಏಂಜಲೀಸ್‌ನ ಸಾಮಾನ್ಯ ಕಲಾವಿದರನ್ನು ಕೆಲಸವಿಲ್ಲದ ತಿಂಗಳುಗಳಲ್ಲಿ ಸಾಕಿದವು. ಬಾಡಿಗೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸುವ ಮಧ್ಯಮವರ್ಗವೊಂದು ಸಿನಿಮಾ ನಂಬಿ ಅಲ್ಲಿ ನೆಲೆ ನಿಂತದ್ದು ಹೀಗೆ. 2023ರ ಮುಷ್ಕರ ಆ ನೆಲೆಯನ್ನು ಉಳಿಸಿಕೊಳ್ಳುವ ಹೋರಾಟ. ನನ್ನ ಮಟ್ಟಿಗೆ ಅದು ಪೂರ್ತಿ ನ್ಯಾಯವಾದ ಹೋರಾಟ.

ಇನ್ನು ಬ್ರಾಡ್‌ವೇ. ಅದು ಒಂದು ಉದ್ದ ರಸ್ತೆಯ ಹೆಸರಾದರೂ ಆ ರಸ್ತೆಗೇ ಮುಖಮಾಡಿರುವ ರಂಗಮಂದಿರಗಳು ಕೆಲವೇ, ಹೆಚ್ಚಿನವು ಟೈಮ್ಸ್ ಸ್ಕ್ವೇರ್ ಸುತ್ತಲ ಅಡ್ಡಬೀದಿಗಳಲ್ಲಿವೆ. ಒಟ್ಟು 41 ಮಂದಿರಗಳು, ಪ್ರತಿಯೊಂದರಲ್ಲೂ ಕನಿಷ್ಠ 500 ಆಸನ. ವಾರಕ್ಕೆ 8 ಆಟ. 45ನೇ ಬೀದಿಯ ಲೈಸಿಯಂ 1903ರದ್ದು. ಅದನ್ನು ಕಟ್ಟಿಸಿದ ಡೇನಿಯಲ್ ಫ್ರೋಮನ್ ಮೇಲಿನ ಮಹಡಿಯಲ್ಲೇ ಮನೆ ಮಾಡಿಕೊಂಡಿದ್ದ. ಅಲ್ಲಿಂದ ರಂಗ ಕಾಣುವಂತೆ ಸಣ್ಣ ಬಾಗಿಲು ಇಡಿಸಿದ್ದ. ನಟಿಯಾಗಿದ್ದ ಹೆಂಡತಿಯ ಅಭಿನಯ ಅತಿಯಾದಾಗ ಆ ಕಿಂಡಿಯಿಂದ ಬಿಳಿ ಕರವಸ್ತ್ರ ಬೀಸಿ ಎಚ್ಚರಿಸುತ್ತಿದ್ದನೆಂದು ರಂಗದವರು ಇಂದಿಗೂ ಹೇಳುತ್ತಾರೆ. ಆಟ ಮುಗಿದು ಎಲ್ಲರೂ ಹೋದ ಮೇಲೆ ಖಾಲಿ ರಂಗದ ನಡುವೆ ಒಂದು ಬಲ್ಬು ಉರಿಯಲು ಬಿಡುವ ರೂಢಿ ಈ ಮಂದಿರಗಳಲ್ಲಿದೆ. ಕತ್ತಲಲ್ಲಿ ಬಂದವರು ವಾದ್ಯಗಾರರ ಹೊಂಡಕ್ಕೆ ಬೀಳದಿರಲಿ ಎಂದು ಮಾಡಿದ್ದು, ದೆವ್ವಗಳಿಗಾಗಿ ಎಂಬ ಮಾತೂ ಸೇರಿಕೊಂಡಿದೆ.

ಇಲ್ಲಿನ ಲೆಕ್ಕಾಚಾರ ಕಠಿಣ. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಇದನ್ನು ಬಿಡಿಸಿ ಹೇಳಿದರು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕೆಲಸಗಾರ ಹಿಂದಿಗಿಂತ ಹತ್ತು ಪಟ್ಟು ಮಾಲು ತೆಗೆಯಬಲ್ಲ. ಆದರೆ ನಾಲ್ವರು ನುಡಿಸುವ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆಯೂ ನಾಲ್ವರು ಬೇಕಿತ್ತು, ಇಂದೂ ನಾಲ್ವರೇ ಬೇಕು, ಅಷ್ಟೇ ಹೊತ್ತೂ ಬೇಕು. ಊರಿನಲ್ಲಿ ಉಳಿದವರ ಸಂಬಳ ಏರಿದಂತೆ ಇವರದ್ದೂ ಏರಿಸಲೇಬೇಕು. ಹೀಗಾಗಿ ಟಿಕೆಟ್ ದರ ಏರುತ್ತಲೇ ಹೋಗುತ್ತದೆ. ಹಾಕಿದ ಬಂಡವಾಳ ಹಿಂತಿರುಗುವುದು ಸುಮಾರು ಐದು ನಾಟಕಗಳಲ್ಲಿ ಒಂದಕ್ಕೆ. ಸತತ ಎರಡು ವಾರ ಗಳಿಕೆ ನಿಗದಿತ ಮೊತ್ತಕ್ಕಿಂತ ಕೆಳಗಿಳಿದರೆ ರಂಗಮಂದಿರದ ಮಾಲೀಕ ನಾಟಕವನ್ನು ಎಬ್ಬಿಸಿ ಕಳಿಸಬಹುದು ಎಂಬ ಷರತ್ತು ಕರಾರಿನಲ್ಲೇ ಇರುತ್ತದೆ.

ಇಷ್ಟಾದರೂ ಇದು ಉಳಿದದ್ದು ಹೇಗೆ? ನಗರ ಅದನ್ನು ಉಳಿಸಿಕೊಂಡಿತು, ತಡವಾಗಿಯಾದರೂ. 1975ರಲ್ಲಿ ನ್ಯೂಯಾರ್ಕ್ ನಗರಪಾಲಿಕೆ ದಿವಾಳಿಯ ಅಂಚಿಗೆ ಬಂದಿತ್ತು. ಟೈಮ್ಸ್ ಸ್ಕ್ವೇರ್ ಎಂದರೆ ಜನ ಹೆದರುತ್ತಿದ್ದರು. 1982ರಲ್ಲಿ ಒಂದು ದೊಡ್ಡ ಹೋಟೆಲಿಗಾಗಿ ಐದು ಹಳೆಯ ರಂಗಮಂದಿರಗಳನ್ನು ಕೆಡವಲಾಯಿತು. ಕಲಾವಿದರು ಬೀದಿಗಿಳಿದರು. ಆ ಪೆಟ್ಟಿನ ಬಳಿಕ ನಗರ ಉಳಿದ ಹಲವು ಮಂದಿರಗಳನ್ನು ಸಂರಕ್ಷಿತ ಕಟ್ಟಡಗಳೆಂದು ಘೋಷಿಸಿತು. 1998ರಲ್ಲಿ ಇನ್ನೊಂದು ಉಪಾಯ ಬಂತು. ಗಿಡ್ಡ ರಂಗಮಂದಿರದ ಮಾಲೀಕ ತನ್ನ ತಲೆಯ ಮೇಲಿನ ಜಾಗದಲ್ಲಿ ಮಹಡಿ ಕಟ್ಟುವ ಹಕ್ಕನ್ನು ಆಸುಪಾಸಿನ ಗಗನಚುಂಬಿ ಕಟ್ಟುವವರಿಗೆ ಮಾರಬಹುದು, ಆದರೆ ತನ್ನ ಮಂದಿರವನ್ನು ನಾಟಕಕ್ಕೇ ಮೀಸಲಿಡುವ ಮುಚ್ಚಳಿಕೆ ಬರೆದುಕೊಡಬೇಕು. ಜಮೀನಿನ ಬೆಲೆ ಯಾವ ಮಂದಿರಗಳನ್ನು ನುಂಗಲು ಬಂದಿತ್ತೋ ಅವುಗಳನ್ನೇ ಪೋಷಿಸಲು ಅದೇ ಬೆಲೆಯನ್ನು ತಿರುಗಿಸಿದ ಈ ನಿಯಮ ನಗರಾಡಳಿತದ ಜಾಣ್ಮೆಗೆ ಒಳ್ಳೆಯ ಮಾದರಿ. ಇದೇ ಅವಧಿಯಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿ ಕಂಪನಿ ಸರ್ಕಾರದ ಸಾಲದ ನೆರವಿನಿಂದ 42ನೇ ಬೀದಿಯ ಪಾಳುಬಿದ್ದ ನ್ಯೂ ಆಮ್ಸ್ಟರ್‌ಡ್ಯಾಮ್ ಮಂದಿರವನ್ನು ದುರಸ್ತಿ ಮಾಡಿ 1997ರಲ್ಲಿ ‘ದಿ ಲಯನ್ ಕಿಂಗ್’ ಆಡಿಸಿತು. ಆ ನಾಟಕ ಬೇರೆ ಮಂದಿರದಲ್ಲಿ ಇಂದಿಗೂ ನಡೆಯುತ್ತಿದೆ. 2018–19ರ ಋತುವಿನಲ್ಲಿ ಬ್ರಾಡ್‌ವೇಗೆ ಬಂದವರು ಸುಮಾರು 1.48 ಕೋಟಿ ಜನ, ಗಳಿಕೆ 183 ಕೋಟಿ ಡಾಲರ್.

2020ರ ಮಾರ್ಚ್ 12ರಂದು ಕೋವಿಡ್ ಕಾರಣಕ್ಕೆ ಎಲ್ಲ 41 ಮಂದಿರಗಳೂ ಮುಚ್ಚಿ ಸುಮಾರು ಒಂದೂವರೆ ವರ್ಷ ಹಾಗೇ ಇದ್ದವು. ಸಂಜೆಯ ಆಟ ನಿಂತರೆ ನ್ಯೂಯಾರ್ಕಿನ ಕೈ ಬರಿದು. ಆ ಜುಲೈಯಲ್ಲಿ ಡಿಸ್ನಿ ಕಂಪನಿ, 2016ರಲ್ಲೇ ರಂಗದ ಮೇಲೆ ಚಿತ್ರೀಕರಿಸಿಟ್ಟಿದ್ದ ‘ಹ್ಯಾಮಿಲ್ಟನ್’ ನಾಟಕವನ್ನು ಸ್ಟ್ರೀಮಿಂಗ್‌ಗೆ ಬಿಟ್ಟಿತು. ಟಿಕೆಟ್ ಸಿಗದೆ ವರ್ಷಗಟ್ಟಲೆ ಕಾದಿದ್ದವರು ಮನೆಯಲ್ಲೇ ನೋಡಿದರು.

ಆದರೆ ಪ್ರತಿಯ ವ್ಯಾಪಾರಕ್ಕೂ ದೊಡ್ಡ ದೌರ್ಬಲ್ಯವಿದೆ. ಪ್ರತಿಯನ್ನು ಎಲ್ಲಿ ಬೇಕಾದರೂ ತಯಾರಿಸಬಹುದು. ಬೆವರ್ಲಿ ಮತ್ತು ಲಾ ಸಿಯೆನೆಗ ರಸ್ತೆಗಳು ಕೂಡುವ ಜಾಗದಿಂದ 30 ಮೈಲಿಯ ವೃತ್ತದೊಳಗೆ ಶೂಟಿಂಗ್ ಇದ್ದರೆ ಅದು ‘ಸ್ಟುಡಿಯೊ ವಲಯ’, ಆಚೆ ಹೋದರೆ ನಿರ್ಮಾಪಕ ಪ್ರಯಾಣ, ವಸತಿಯ ಖರ್ಚು ಕೊಡಬೇಕೆಂಬುದು ಕಾರ್ಮಿಕ ಒಪ್ಪಂದ. ದಶಕಗಳ ಕಾಲ ಈ ಗೆರೆ ಕೆಲಸವನ್ನು ಊರಿನಲ್ಲೇ ಹಿಡಿದಿಟ್ಟಿತು. ಈಗ ಹೊರಗಿನ ತೆರಿಗೆ ರಿಯಾಯಿತಿ ಆ ಖರ್ಚನ್ನೂ ಮೀರಿಸುತ್ತದೆ. ಜಾರ್ಜಿಯ ರಾಜ್ಯ 2008ರಲ್ಲಿ ಖರ್ಚಿನ ಶೇ 20ರಷ್ಟು, ಚಿತ್ರದಲ್ಲಿ ತನ್ನ ಪೀಚ್ ಹಣ್ಣಿನ ಲಾಂಛನ ತೋರಿಸಿದರೆ ಇನ್ನೂ ಶೇ 10ರಷ್ಟು ರಿಯಾಯಿತಿ ಕೊಟ್ಟು ಅಟ್ಲಾಂಟಕ್ಕೆ ದೊಡ್ಡ ಚಿತ್ರಗಳನ್ನು ಸೆಳೆಯಿತು. ಕೆನಡಾ, ಬ್ರಿಟನ್ ಕೂಡ ಅದೇ ದಾರಿಯಲ್ಲಿವೆ. ಕಥೆ ಲಾಸ್ ಏಂಜಲೀಸ್‌ನದ್ದು, ಶೂಟಿಂಗ್ ಬೇರೆಲ್ಲೋ. ಬಡಗಿ, ವಿದ್ಯುತ್ ಕೆಲಸಗಾರ, ಉಡುಪು ಹೊಲಿಯುವವರಿಗೆ ಕೆಲಸವಿಲ್ಲ. 2025ರ ಜನವರಿಯ ಕಾಡ್ಗಿಚ್ಚು ಅವರಲ್ಲಿ ಅನೇಕರ ಮನೆಗಳನ್ನೂ ಸುಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯ ತನ್ನ ವಾರ್ಷಿಕ ರಿಯಾಯಿತಿಯನ್ನು 33 ಕೋಟಿ ಡಾಲರ್‌ನಿಂದ 75 ಕೋಟಿಗೆ ಏರಿಸಿತು. ನ್ಯೂಯಾರ್ಕ್ ರಾಜ್ಯವೂ ತನ್ನದನ್ನು 80 ಕೋಟಿಗೆ ಒಯ್ದಿತು.

ಈ ಹರಾಜು ಎಲ್ಲಿಗೂ ಮುಟ್ಟಿಸದು ಎಂದೇ ನನಗೆ ತೋರುತ್ತದೆ. ಇಂದು ಎಪ್ಪತ್ತೈದು ಕೋಟಿ ಎಂದವನನ್ನು ನಾಳೆ ಇನ್ನೊಬ್ಬ ಮೀರಿಸುತ್ತಾನೆ. ಲಾಸ್ ಏಂಜಲೀಸ್‌ಗೆ ನಿಜವಾದ ಆಸ್ತಿ ಎಂದರೆ ಅಲ್ಲಿ ನೆಲೆಸಿರುವ ಕುಶಲಕರ್ಮಿಗಳು. 1912ರಿಂದ ಚಿತ್ರಗಳಿಗೆ ಉಡುಪು ಒದಗಿಸುತ್ತಿರುವ ವೆಸ್ಟರ್ನ್ ಕಾಸ್ಟ್ಯೂಮ್‌ನಂಥ ಸಂಸ್ಥೆಯನ್ನು ಬೇರೆ ಊರು ರಿಯಾಯಿತಿ ಕೊಟ್ಟು ಒಂದೆರಡು ವರ್ಷದಲ್ಲಿ ಕಟ್ಟಲಾರದು. ನ್ಯೂಯಾರ್ಕ್ ತನ್ನ ರಂಗಮಂದಿರಗಳಿಗೆ ಕಾಯಿದೆಯ ಬೇಲಿ ಹಾಕಿದಂತೆ ಲಾಸ್ ಏಂಜಲೀಸ್ ತನ್ನ ಕೆಲಸಗಾರರು ಊರಲ್ಲೇ ಬಾಳುವಂತೆ ಬಾಡಿಗೆ ಮನೆ, ಆರೋಗ್ಯ ವಿಮೆಯ ಕಡೆ ನೋಡಬೇಕು. ಬಂದರು, ವಿಮಾನ ಕಾರ್ಖಾನೆಗಳು ಆ ನಗರಕ್ಕೆ ಸಿನಿಮಾಕ್ಕಿಂತ ಹೆಚ್ಚು ಅನ್ನ ಕೊಟ್ಟಿರಬಹುದು, ಜಗತ್ತಿನಲ್ಲಿ ಹೆಸರು ಕೊಟ್ಟದ್ದು ಸಿನಿಮಾವೇ.

ಮಕ್ಕಳ ಮನೆಗೆಂದು ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಕ್ಕೋ ಹೋಗುವ ಹಿರಿಯರು ನಮ್ಮಲ್ಲಿ ಈಗ ಬಹಳ. ನ್ಯೂಯಾರ್ಕಿಗೆ ಹೋದರೆ ಟೈಮ್ಸ್ ಸ್ಕ್ವೇರ್‌ನ ಕೆಂಪು ಮೆಟ್ಟಿಲುಗಳ ಕೆಳಗೆ ಟಿಕೆಟ್ ಕಟ್ಟೆಯಿದೆ, ಅದೇ ದಿನದ ಆಟಗಳಿಗೆ ಅರ್ಧ ಬೆಲೆಯವರೆಗೂ ರಿಯಾಯಿತಿ ಸಿಗುತ್ತದೆ. ಭಾಷೆ ಪೂರ್ತಿ ತಿಳಿಯದಿದ್ದರೂ ಒಂದು ಸಂಗೀತ ನಾಟಕ ನೋಡಿ. ಹಾಲಿವುಡ್‌ಗೆ ಹೋದರೆ ಡಿಮಿಲ್‌ನ ಆ ಕುದುರೆ ಕೊಟ್ಟಿಗೆ ಹೈಲ್ಯಾಂಡ್ ಅವೆನ್ಯೂನಲ್ಲಿ ಪುಟ್ಟ ವಸ್ತುಸಂಗ್ರಹಾಲಯವಾಗಿದೆ. ಹಾಲಿವುಡ್ ಬುಲವಾರ್ಡಿನ ಕಾಲುದಾರಿಯಲ್ಲಿ ಸಾಬು ಎಂಬ ಹೆಸರಿನ ನಕ್ಷತ್ರವನ್ನೂ ಹುಡುಕಿ. ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿ, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಪರಿಚಿತನಾಗಿ, ಹಾಲಿವುಡ್‌ನಲ್ಲಿ ನಾಯಕನಟನಾದ ಹುಡುಗ ಅವನು.