ಉಪ್ಪಿನಕಾಯಿ ಊರಾಗ, ದೋಸ್ತರು ಲಂಡನ್ನಿನಾಗ

ಇಂಡಿ ದೋಸ್ತ, ಬಸವನ ಬಾಗೇವಾಡಿ ದೋಸ್ತ ಕೂಡಿ ಲಂಡನ್ನಿಗೆ ಹೊಂಟಾರ. ಕೈಚೀಲದಾಗ ಬರಣಿ ತುಂಬ ನಿಂಬಿಕಾಯಿ ಉಪ್ಪಿನಕಾಯಿ. 2023ರಾಗ ಜಿಐ ಟ್ಯಾಗ್ ಸಿಕ್ಕ ಇಂಡಿ ನಿಂಬಿ ಮತ್ತ!

ಏರ್‌ಪೋರ್ಟ್ ಸೆಕ್ಯುರಿಟಿಯವರು ಬರಣಿ ತಗದು ಬಾಜೂಕ ಇಟ್ರು. "ನಮ್ಮವ್ವ ಹಾಕ್ಯಾಳ್ರೀ ಸರ್!" ಅಂದ್ರೂ ಕೇಳಲಿಲ್ಲ. ರಸ, ಎಣ್ಣಿ ಇದ್ದದ್ದು ದ್ರವದ ಲೆಕ್ಕ. ಕೈಚೀಲದಾಗ 100 ಮಿಲಿ ದಾಟಂಗಿಲ್ಲ. ಅದನ್ನ ದೊಡ್ಡ ಬ್ಯಾಗಿನಾಗ ಹಾಕ್ರಿ. ಇಡೀ ಒಣಕೊಬ್ಬರಿ ಮಾತ್ರ ಅದರಾಗೂ ಬ್ಯಾಡ: ಎಣ್ಣಿ ಜಾಸ್ತಿ, ತಾನ ಕಾದು ಬೆಂಕಿ ಹತ್ತಬಹುದು. ಪೇಡೆನೂ ಬ್ಯಾಡ, ಭಾರತದಿಂದ ಹಾಲಿನ ಪದಾರ್ಥ ಒಯ್ದ್ರ ಬ್ರಿಟನ್ನಿನ ಕಸ್ಟಮ್ಸ್ ಬಿಡಂಗಿಲ್ಲ.

ಉಳಿದದ್ದು? ಕಡಕ್ ರೊಟ್ಟಿ, ಶೇಂಗಾ ಹಿಂಡಿ! ಸಿಂದಗಿ, ಮುದ್ದೇಬಿಹಾಳದ ಮಂದಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ನೀರಿನಂಶ ಭಾಳ ಕಡಿಮಿ, ಲಗೂನ ಕೆಡಂಗಿಲ್ಲ. ಹೋಟೆಲ್ ರೂಮಿನಾಗ ಮುರಿದ್ರ 'ಕಟಕ್' ಸಪ್ಪಳ ಬಾಜೂ ರೂಮಿಗೂ ಕೇಳತೈತಿ, ಅಷ್ಟ!

ಲಂಡನ್ ಮುಟ್ಟಿದ ಮರುದಿನ ಥೇಮ್ಸ್ ದಂಡಿ. ಎದುರಿಗೆ ಬಸವಣ್ಣ! ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಮೂರ್ತಿ. 2015ರ ನವೆಂಬರ್ 14ಕ್ಕ ಪ್ರಧಾನಿ ಮೋದಿ ಅನಾವರಣ ಮಾಡಿದ್ರು. ಬಾಗೇವಾಡಿ ದೋಸ್ತ ಹೋಗಬರೋ ಮಂದೀನೆಲ್ಲ ನಿಲ್ಲಿಸಿ, "ಇವರು ನಮ್ಮೂರವ್ರು!" ಅಂತ ಹೇಳಾಕ ಹತ್ತಿದ. ಎದಿ ಉಬ್ಬತೈತ್ರಿ, ಖರೇನ.

ನೀವೂ ಹೋದ್ರ, ವಾಕ್ಸ್‌ಹಾಲ್ ಸ್ಟೇಷನ್ನಿನಾಗ ಇಳಿದು ನದಿ ದಂಡಿ ಹಿಡಕೊಂಡು ನಡೀರಿ. ರೊಟ್ಟಿ ಗಂಟು ಮರೀಬ್ಯಾಡ್ರಿ.